ಬೂಷ್ಟು ಹಿಡಿದ ಕಾಳು ಮತ್ತು ವಿಜ್ಞಾನಿಯ ಪ್ರಬಂಧ

ಸುಗ್ಗಿಯ ದಿನಗಳಲ್ಲಿ ರಾಣೆಬೆನ್ನೂರಿನಿಂದ ಹಾವೇರಿಗೆ ಬಸ್ಸಿನಲ್ಲಿ ಹೊರಟರೆ ರಸ್ತೆ ಬದಿಯಲ್ಲಿ ಗೋವಿನಜೋಳ ಹರಡಿರುವುದನ್ನು ಕಾಣಬಹುದು. ಮುಂದೆ ಕೆಲವು ವಾರ ಕಳೆದರೆ ಬ್ಯಾಡಗಿಯ ಕಡೆ ಕೆಂಪು ಮೆಣಸಿನಕಾಯಿಯ ಹಾಸು. ಇಂತಹ ವೇಳೆಯಲ್ಲಿ ಅಕಾಲಿಕ ಮಳೆ ಸುರಿದರೆ ರೈತನ ಲೆಕ್ಕವೆಲ್ಲ ತಲೆಕೆಳಗು. ತೊಯ್ದ ರಾಶಿಯಲ್ಲಿ ಚೆನ್ನಾಗಿರುವುದನ್ನು ಮಾರುಕಟ್ಟೆಗೆ ಕಳಿಸಿ, ಬಣ್ಣಗೆಟ್ಟ ಕಾಳನ್ನು ಮನೆಗೆ ಇಟ್ಟುಕೊಳ್ಳುವವರಿದ್ದಾರೆ. ‘ತೊಳೆದು ಬೀಸಿದರಾಯಿತು, ಬೆಂಕಿಯ ಮೇಲೆ ಬೆಂದ ಮೇಲೆ ಏನು ಉಳಿದೀತು?’ ಎಂಬುದು ಹಿರಿಯರ ಸಮಾಧಾನ.

ಈ ಸಮಾಧಾನ ಸರಿಯಲ್ಲ. ಸರಿಯಲ್ಲವೆಂದು ನಮಗೆ ತಿಳಿದದ್ದು ಹೇಗೆ ಎಂಬುದು ಸ್ವಾರಸ್ಯದ ಸಂಗತಿ. ‘ಸಂಶೋಧನೆಯಿಂದ ತಿಳಿದುಬಂದಿದೆ’ ಎಂಬ ಮಾತನ್ನು ನಾವು ದಿನವೂ ಓದುತ್ತೇವೆ. ಆ ಮಾತಿನ ಹಿಂದೆ ವಿಜ್ಞಾನಿಗಳು ಬರೆದು ಪ್ರಕಟಿಸಿದ ಪ್ರಬಂಧಗಳಿರುತ್ತವೆ. ಒಂದು ಪ್ರಬಂಧ ಇನ್ನೊಂದಕ್ಕೆ ದಾರಿ ತೋರಿಸುತ್ತಾ ಕೊನೆಗೆ ನಮ್ಮ ಅಡುಗೆಮನೆಗೆ ತಲುಪುತ್ತದೆ.

ಕೋಳಿಯಿಂದ ಕಾಳಿಗೆ

1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಅವು ತಿಂದ ಶೇಂಗಾ ಹಿಂಡಿಗೆ ಶಿಲೀಂಧ್ರ ಹತ್ತಿತ್ತು. ಅದು ಸೂಸಿದ ವಿಷಕ್ಕೆ ವಿಜ್ಞಾನಿಗಳು ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟು, ತಮ್ಮ ಶೋಧನೆಯನ್ನು ಪ್ರಕಟಿಸಿದರು.

1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಕಾಮಾಲೆಯಂತಹ ಕಾಯಿಲೆ ಹಬ್ಬಿತು. 397 ಜನ ಬಿದ್ದರು, 106 ಜನ ಸತ್ತರು. ಅದೇ ಧಾನ್ಯ ತಿಂದ ನಾಯಿಗಳೂ ಸತ್ತವು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿದಾಗ ಮಳೆಗೆ ತೊಯ್ದು ಬೂಷ್ಟು ಹಿಡಿದ ಗೋವಿನಜೋಳದಲ್ಲಿ ಅಫ್ಲಾಟಾಕ್ಸಿನ್ ಸಿಕ್ಕಿತು. ಕೋಳಿಗಳ ಸಾವಿನ ಕಾರಣ ಬರೆಹದಲ್ಲಿ ದಾಖಲಾಗಿರದಿದ್ದರೆ, ಕಾಳಿನಲ್ಲಿ ಏನನ್ನು ಹುಡುಕಬೇಕೆಂದು ಇವರಿಗೆ ಹೊಳೆಯುತ್ತಿತ್ತೇ? ಇವರ ಪ್ರಬಂಧವೂ 1975ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ನಮ್ಮ ಪ್ರಸ್ಥಭೂಮಿಯಲ್ಲಿ

1988ರಲ್ಲಿ ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಗೋವಿನಜೋಳದ ಇನ್ನೊಂದು ಶಿಲೀಂಧ್ರದಿಂದ ಫ್ಯುಮೋನಿಸಿನ್ ಎಂಬ ವಿಷವನ್ನು ಬೇರ್ಪಡಿಸಿದರು. ಏಳು ವರ್ಷಗಳ ನಂತರ, 1995ರಲ್ಲಿ, ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಹೊಟ್ಟೆನೋವು, ಹೊಟ್ಟೆ ಗುಡುಗುಟ್ಟುವಿಕೆ, ಭೇದಿ ಕಾಣಿಸಿಕೊಂಡವು. ಮತ್ತೆ ಹೈದರಾಬಾದಿನ ತಂಡವೇ ಅಲ್ಲಿಗೆ ಹೋಯಿತು. ಸಮೀಕ್ಷೆ ನಡೆಸಿದ 50 ಹಳ್ಳಿಗಳ ಪೈಕಿ 27ರಲ್ಲಿ ಕಾಯಿಲೆಯಿತ್ತು.

ತಂಡ ಕಾಯಿಲೆಯವರ ಮನೆಯ ಕಾಳನ್ನಷ್ಟೇ ತಂದಿದ್ದರೆ ಏನೂ ಸಿದ್ಧವಾಗುತ್ತಿರಲಿಲ್ಲ. ಆರೋಗ್ಯವಾಗಿದ್ದವರ ಮನೆಯ ಕಾಳನ್ನೂ ತಂದು ಹೋಲಿಸಿದರು. ಕಾಯಿಲೆ ಬಿದ್ದವರ ಮನೆಯ ಗೋವಿನಜೋಳದಲ್ಲಿ ಕಿಲೋಗೆ 64.7 ಮಿಲಿಗ್ರಾಂವರೆಗೆ ಫ್ಯುಮೋನಿಸಿನ್ ಇತ್ತು. ಉಳಿದವರ ಮನೆಯದರಲ್ಲಿ 0.24 ಮಿಲಿಗ್ರಾಂ ದಾಟಿರಲಿಲ್ಲ. ಕೆಟ್ಟ ಕಾಳನ್ನು ಕೋಳಿಮರಿಗಳಿಗೆ ತಿನ್ನಿಸಿದಾಗ ಅವಕ್ಕೂ ಭೇದಿಯಾಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆ ಕಾಳು ಬಿಟ್ಟ ಮೇಲೆ ಜನ ಗುಣವಾದರು. 1997ರಲ್ಲಿ ಈ ಪ್ರಬಂಧ ಪ್ರಕಟವಾಯಿತು.

ಅಚ್ಚಾದದ್ದೆಲ್ಲ ಸತ್ಯವೇ?

ಹಾಗೆಂದು ಅಚ್ಚಾದದ್ದನ್ನೆಲ್ಲ ಕಣ್ಣುಮುಚ್ಚಿ ನಂಬಬೇಕಿಲ್ಲ. 1998ರಲ್ಲಿ ಅದೇ ‘ಲ್ಯಾನ್ಸೆಟ್’ನಲ್ಲಿ ಕೇವಲ 12 ಮಕ್ಕಳ ಮೇಲಿನ ಪ್ರಬಂಧವೊಂದು ದಡಾರ ಮೊದಲಾದವುಗಳ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಶಂಕೆ ಹುಟ್ಟಿಸಿತು. ಹೆದರಿದ ಅನೇಕ ತಂದೆತಾಯಿಗಳು ಲಸಿಕೆ ಹಾಕಿಸಲಿಲ್ಲ. ಕೊನೆಗೆ ತಪ್ಪುಗಳು ಬಯಲಾಗಿ 2010ರಲ್ಲಿ ಪತ್ರಿಕೆ ಆ ಪ್ರಬಂಧವನ್ನು ಹಿಂತೆಗೆದುಕೊಂಡಿತು. ಡೆನ್ಮಾರ್ಕಿನಲ್ಲಿ 6 ಲಕ್ಷ 57 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂತಹ ನಂಟು ಕಾಣಲಿಲ್ಲ. ಪ್ರಬಂಧ ಪ್ರಕಟವಾಗುವುದೆಂದರೆ ನಾಲ್ಕು ಜನರ ಮುಂದೆ ಲೆಕ್ಕ ಒಪ್ಪಿಸಿದಂತೆ. ಲೆಕ್ಕ ತಪ್ಪಿದ್ದರೆ ಇನ್ನೊಬ್ಬರು ಹಿಡಿಯಬಹುದು.

ಆದ್ದರಿಂದ ‘ಸಂಶೋಧನೆ’ ಎಂಬ ಮಾತು ಕಂಡಾಗ ಓದುಗರು ಮೂರು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು: ಎಷ್ಟು ಜನರನ್ನು ನೋಡಿದರು? ಯಾರೊಂದಿಗೆ ಹೋಲಿಸಿದರು? ಬೇರೆಯವರು ಮಾಡಿದಾಗಲೂ ಅದೇ ಫಲ ಬಂದಿತೇ?

ಮನೆಯಲ್ಲಿ ಏನು ಮಾಡಬೇಕು?

* ಅಫ್ಲಾಟಾಕ್ಸಿನ್ ಅಡುಗೆಯ ಬಿಸಿಗೆ ಪೂರ್ತಿ ನಾಶವಾಗುವುದಿಲ್ಲ. ಬೂಷ್ಟು ಹಿಡಿದ, ಬಣ್ಣಗೆಟ್ಟ ಕಾಳನ್ನು ರೊಟ್ಟಿಗೆ ಬಳಸಬೇಡಿ.

* ಅದನ್ನು ದನಕ್ಕೆ ಹಾಕುವುದೂ ಸಲ್ಲ. ಅಫ್ಲಾಟಾಕ್ಸಿನ್‌ನ ಒಂದು ಅಂಶ ಹಾಲಿನ ಮೂಲಕ ಮಕ್ಕಳ ಲೋಟಕ್ಕೆ ಬರುತ್ತದೆ.

* ಗೋವಿನಜೋಳದ ತೇವಾಂಶ ಶೇಕಡಾ 12ರ ಆಸುಪಾಸಿಗೆ ಇಳಿಯುವವರೆಗೆ ಒಣಗಿಸಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಚೀಲ ಇಡಿ.

* ಮೆಣಸಿನಕಾಯಿಯನ್ನು ಬರಿ ನೆಲದ ಮೇಲೆ ಹರಡದೆ ತಾಡಪಾಲಿನ ಮೇಲೆ ಒಣಗಿಸಿ, ಸಂಜೆ ಇಬ್ಬನಿ ಬೀಳುವ ಮುನ್ನ ಮುಚ್ಚಿಡಿ. ಒಳಗೆ ಬೂಷ್ಟಿರುವ ಕಾಯಿಯನ್ನು ಖಾರದಪುಡಿಗೆ ಹಾಕಬೇಡಿ.

* ಒಂದೇ ಹಿಟ್ಟಿನ ರೊಟ್ಟಿ ತಿಂದ ಮನೆಮಂದಿಗೆಲ್ಲ ಹೊಟ್ಟೆನೋವು, ಭೇದಿ ಬಂದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಏನು ತಿಂದಿರೆಂದು ತಿಳಿಸಿ. ಉಳಿದ ಕಾಳಿನಲ್ಲಿ ಒಂದು ಹಿಡಿ ತೆಗೆದಿಡಿ.

ಆ ಒಂದು ಹಿಡಿ ಕಾಳು ಚೆಲ್ಲಿಹೋದರೆ ಕಾರಣವೂ ಅದರೊಂದಿಗೆ ಹೋಗುತ್ತದೆ. 1995ರಲ್ಲಿ ಹಳ್ಳಿಯ ಮನೆಯವರು ತಮ್ಮ ಕಾಳನ್ನು ಕೊಟ್ಟಿದ್ದರಿಂದಲೇ ವಿಜ್ಞಾನಿಗಳಿಗೆ ಆ ಪ್ರಬಂಧ ಬರೆಯಲು ಸಾಧ್ಯವಾಯಿತು.