ಬೇಸಾಯ ಬಿಡುವ ಮುನ್ನ ಒಂದು ಲೆಕ್ಕ

ನೌಕರಿಯಲ್ಲಿರುವವರಿಗೆ ನಿವೃತ್ತಿಯ ದಿನ ಮೊದಲೇ ಗೊತ್ತಿರುತ್ತದೆ. ಬೇಸಾಯಗಾರನಿಗೆ ಅಂತಹ ದಿನವಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಬಹುಪಾಲು ಜಮೀನು ಮಳೆಯನ್ನೇ ನಂಬಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಇಂತಹ ವರ್ಷಗಳನ್ನು ಕಂಡ ಹಿರಿಯ ರೈತರು "ತಿಂಗಳಿಗೆ ಇಷ್ಟು ಬಂದರೆ ಸಾಕು, ಹೊಲ ಬಿಡೋಣ" ಎಂದು ಯೋಚಿಸುವುದು ಸಹಜ. ಆದರೆ ಎತ್ತು ಮಾರಿ, ಖಾತೆ ಬದಲಾಯಿಸಿದ ಮೇಲೆ ಹಿಂತಿರುಗುವುದು ಕಷ್ಟ. ಆದ್ದರಿಂದ ಮೊದಲು ಲೆಕ್ಕ ಹಾಕುವುದು ಒಳಿತು.

ಖಾತರಿಯ ವರಮಾನ ಯಾವುದು?

ಅಂಚೆ ಕಚೇರಿ ಮತ್ತು ಬ್ಯಾಂಕುಗಳಲ್ಲಿರುವ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 60 ವರ್ಷ ತುಂಬಿದವರು ಸೇರಬಹುದು. 2023ರ ಏಪ್ರಿಲ್‌ನಲ್ಲಿ ಇದರ ಬಡ್ಡಿ ಶೇ. 8.2ಕ್ಕೆ ಏರಿತು. ಸರ್ಕಾರ ದರವನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆಯಾದರೂ, ಹಣ ಇಟ್ಟ ದಿನದ ದರವೇ ಐದು ವರ್ಷ ನಡೆಯುತ್ತದೆ.

2019ರಲ್ಲಿ ಆರಂಭವಾದ ಕಿಸಾನ್ ಸಮ್ಮಾನ್ ಯೋಜನೆಯಿಂದ ವರ್ಷಕ್ಕೆ 6,000 ರೂ. ಬರುತ್ತದೆ. ಇದು ಜಮೀನಿನ ಒಡೆಯನಿಗೆ ಸಲ್ಲುವ ಹಣ. ಪಹಣಿಯಿಂದ ಹೆಸರು ಹೋದರೆ ಇದೂ ಹೋಗುತ್ತದೆ.

65 ವರ್ಷ ದಾಟಿದ ಬಡ ಸಣ್ಣ ರೈತರಿಗೆ 2007ರಿಂದ ಸಂಧ್ಯಾ ಸುರಕ್ಷಾ ಯೋಜನೆಯಿದೆ. ಇದಕ್ಕೆ ಆದಾಯ ಹಾಗೂ ಠೇವಣಿಯ ಮಿತಿಗಳಿರುವುದರಿಂದ ದೊಡ್ಡ ಠೇವಣಿ ಇಟ್ಟವರು ಇದನ್ನು ನೆಚ್ಚಬಾರದು.

ತಿಂಗಳಿಗೆ 3,000 ರೂ. ಕೊಡುವ ಕಿಸಾನ್ ಮಾನ್‌ಧನ್ ಯೋಜನೆಗೆ ಸೇರಲು 18ರಿಂದ 40 ವರ್ಷದೊಳಗಿರಬೇಕು, ಹಿಡುವಳಿ 2 ಹೆಕ್ಟೇರು ಮೀರಿರಬಾರದು. ಅರವತ್ತಾದ ತಂದೆಗೆ ಇದು ಸಿಗದು. ಮಗ ಈಗಲೇ ಸೇರಿದರೆ ಅವನ ಮುಪ್ಪಿಗೆ ಆಗುತ್ತದೆ.

ಖಾತರಿಯಲ್ಲದ್ದು

ಗುತ್ತಿಗೆಯ ಹಣವನ್ನು ಅನೇಕರು ಖಾತರಿಯೆಂದು ಎಣಿಸುತ್ತಾರೆ. 1974ರ ಭೂಸುಧಾರಣಾ ತಿದ್ದುಪಡಿಯ ಪ್ರಕಾರ ಸೈನಿಕರು ಮುಂತಾದ ಕೆಲವರನ್ನು ಬಿಟ್ಟು ಉಳಿದವರು ಸಾಗುವಳಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಬಾಯಿಮಾತಿನ ಒಪ್ಪಂದಕ್ಕೆ ಕಾನೂನಿನ ಆಸರೆಯಿಲ್ಲ. ಬರ ಬಂದ ವರ್ಷ ಗುತ್ತಿಗೆಯೂ ಬತ್ತುತ್ತದೆ.

ಮಕ್ಕಳಿಗೆ ದಾನಪತ್ರ ಮಾಡುವಾಗಲೂ ಎಚ್ಚರ ಬೇಕು. ತಂದೆತಾಯಿಯ ಪಾಲನೆಯ ಷರತ್ತನ್ನು ಪತ್ರದಲ್ಲೇ ಬರೆಸಿದ್ದರೆ, ಷರತ್ತು ತಪ್ಪಿದಾಗ 2007ರ ಹಿರಿಯ ನಾಗರಿಕರ ಕಾಯಿದೆಯಡಿ ಪತ್ರವನ್ನು ರದ್ದುಪಡಿಸಲು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು.

ಒಂದು ಉದಾಹರಣೆ

ಐದು ಎಕರೆ ಖುಷ್ಕಿ ಜಮೀನಿನ ದಂಪತಿಗೆ ತಿಂಗಳಿಗೆ 6,000 ರೂ. ಖರ್ಚಿದೆ, ಕೈಯಲ್ಲಿ 4 ಲಕ್ಷ ರೂ. ಇದೆ ಎಂದು ಭಾವಿಸೋಣ. ಶೇ. 8.2ರಂತೆ ಮೂರು ತಿಂಗಳಿಗೆ 8,200 ರೂ., ಅಂದರೆ ತಿಂಗಳಿಗೆ ಸುಮಾರು 2,733 ರೂ. ಬಡ್ಡಿ ಬರುತ್ತದೆ. ಸಮ್ಮಾನ್ ಹಣದ 500 ರೂ. ಸೇರಿಸಿದರೆ 3,233 ರೂ. ಉಳಿದ 2,767 ರೂ. ಕೊರತೆ. ಅಲ್ಲದೆ ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಖರ್ಚು ಇಮ್ಮಡಿಯಾಗುತ್ತದೆ. ಬಡ್ಡಿ ಇದ್ದಷ್ಟೇ ಇರುತ್ತದೆ. ಕಾಯಿಲೆಯ ಖರ್ಚು ಇದರಲ್ಲಿ ಸೇರಿಲ್ಲ.

ಮಾಡಬೇಕಾದುದೇನು?

ಈ ದಂಪತಿ ಬೇಸಾಯವನ್ನು ಒಮ್ಮೆಲೇ ಬಿಡುವುದು ಸರಿಯಲ್ಲ, ಹಂತಹಂತವಾಗಿ ಇಳಿಸುವುದು ಸರಿ. ನಾಲ್ಕು ಎಕರೆಯ ಸಾಗುವಳಿಯನ್ನು ಮಗನಿಗೆ ಒಪ್ಪಿಸಿ, ವರ್ಷದ ಜೋಳ, ಬೇಳೆಯನ್ನು ಅದರಿಂದಲೇ ಪಡೆಯಬಹುದು. ಕಾಳು ಮನೆಗೆ ಬಂದರೆ ಬೆಲೆಯೇರಿಕೆಯ ಪೆಟ್ಟು ಅಷ್ಟರಮಟ್ಟಿಗೆ ತಗ್ಗುತ್ತದೆ. ಪಹಣಿ ಮಾತ್ರ ತಂದೆಯ ಹೆಸರಿನಲ್ಲೇ ಇರಲಿ.

ಉಳಿದ ಒಂದು ಎಕರೆ ಹುಣಸೆ, ಸೀತಾಫಲದಂತಹ ಒಣಭೂಮಿ ಮರಗಳಿಗೆ ತಕ್ಕದ್ದು. 10 ಮೀಟರ್ ಅಂತರದಲ್ಲಿ ಎಕರೆಗೆ 40 ಹುಣಸೆ ಗಿಡ ಹಿಡಿಯುತ್ತವೆ. ಕಸಿ ಗಿಡಗಳು ನಾಲ್ಕೈದು ವರ್ಷಕ್ಕೆ ಫಲ ಆರಂಭಿಸಿದರೂ ಒಳ್ಳೆಯ ಇಳುವರಿಗೆ ಇನ್ನೂ ಕೆಲವು ವರ್ಷ ಬೇಕು. ಆದ್ದರಿಂದ ಗಿಡ ನೆಡಬೇಕಾದುದು ಅರವತ್ತರಲ್ಲಲ್ಲ, ಐವತ್ತರಲ್ಲಿ. ಹಡಗಲಿಯ ಮಲ್ಲಿಗೆ ದಿನದ ಹಣ ತರುತ್ತದೆ ನಿಜ; ಆದರೆ ನೀರು, ಬಿಡಿಸುವ ಕೈ ಎರಡೂ ಬೇಕಾದುದರಿಂದ ಮುಪ್ಪಿನ ಬೆಳೆಯಲ್ಲ.

ಖಾತರಿಯ ವರಮಾನ ಹಾಗೂ ಮನೆಗೆ ಬರುವ ಕಾಳು ಸೇರಿ ಇಂದಿನ ಖರ್ಚನ್ನು ತೂಗಿಸಿ, ಸ್ವಲ್ಪ ಮಿಗುವಂತಿದ್ದರೆ ಮಾತ್ರ ನೇಗಿಲು ಕೆಳಗಿಡಬಹುದು. ಇಲ್ಲದಿದ್ದರೆ ದುಡಿಮೆಯನ್ನು ಹಗುರ ಮಾಡಿಕೊಂಡು, ಹೊಲವನ್ನು ಕೈಯಲ್ಲಿ ಉಳಿಸಿಕೊಳ್ಳುವುದೇ ಕ್ಷೇಮ.