ಓಮ್ನಿ ಸ್ಟಾರ್ಟ್ ಆಗದ್ದು ಯಾವಾಗ?

ಗಾಡಿ ತಂದವರಿಗೆ ನಾನು ಮೊದಲು ಕೇಳುವುದು ಇದನ್ನೇ. ಬೆಳಿಗ್ಗೆ ತಣ್ಣಗಿರುವಾಗಲೋ, ಓಡಿಸಿ ನಿಲ್ಲಿಸಿದ ಮೇಲೋ, ಮಳೆ ಬಂದ ದಿನ ಮಾತ್ರವೋ? ಹೆಚ್ಚಿನವರು ಉತ್ತರಿಸುವುದು ಬೇರೆಯೇ. "ಪ್ಲಗ್ ಹಾಕಿ ಆಯ್ತು, ಕಾಯಿಲ್ ಹಾಕಿ ಆಯ್ತು, ಬ್ಯಾಟರಿಯೂ ಹೊಸತು. ಆದ್ರೂ ಆಗುದಿಲ್ಲ ಮಾರಾಯ್ರೆ." ಮಂಗಳೂರಿನ ಬಿಕರ್ನಕಟ್ಟೆ ಕೈಕಂಬದ ಆಸುಪಾಸಿನಲ್ಲಿ ಹಳೆಯ ಓಮ್ನಿಗಳ ಕೆಲಸ ಮಾಡಿಕೊಂಡೇ ನನ್ನ ಆಯುಷ್ಯದ ಹೆಚ್ಚಿನ ಭಾಗ ಕಳೆದಿದೆ. ಸಾಮಾನು ಬದಲಿಸಿ ದುಡ್ಡು ಕಳೆದುಕೊಂಡವರಲ್ಲಿ ಬಹುಪಾಲು ಜನ ಈ ಒಂದು ಪ್ರಶ್ನೆಯನ್ನು ತಮಗೇ ಕೇಳಿಕೊಂಡಿರುವುದಿಲ್ಲ. ಅದಕ್ಕಾಗಿ ಇಷ್ಟು ಬರೆಯುತ್ತಿದ್ದೇನೆ.

ಈ ಗಾಡಿ 1984ರಲ್ಲಿ ಮಾರುತಿ ವ್ಯಾನ್ ಎಂದು ಬಂತು, 1988ರಲ್ಲಿ ಓಮ್ನಿ ಎಂಬ ಹೆಸರಾಯಿತು, 2019ರಲ್ಲಿ ತಯಾರಿಕೆ ನಿಂತಿತು. ನಮ್ಮ ಕಡೆ ಮಾತ್ರ ನಿಂತಿಲ್ಲ. ಶಾಲೆಯ ಮಕ್ಕಳು, ಮೀನಿನ ಬಾಕ್ಸು, ಮದುವೆ ಅಡುಗೆಯ ಪಾತ್ರೆ, ಶಾಮಿಯಾನದ ಕಂಬ ಎಲ್ಲವೂ ಇದರಲ್ಲೇ ಹೋಗುತ್ತವೆ. ಇಲ್ಲಿನ ಬಾಲಯೇಸು ಪುಣ್ಯಕ್ಷೇತ್ರದ ಜನವರಿ ಹಬ್ಬದ ದಿನ ಕಾರ್ಮೆಲ್ ಗುಡ್ಡದ ಬುಡದಲ್ಲಿ ನಿಂತು ನೋಡಿದರೆ ಸಾಕು, ಎಷ್ಟು ಮನೆಗಳ ಸಂಪಾದನೆ ಇನ್ನೂ ಈ ಗಾಡಿಯ ಮೇಲೆ ನಿಂತಿದೆ ಎಂದು ಗೊತ್ತಾಗುತ್ತದೆ. ಅಂಥವರಿಗೆ ಒಂದು ದಿನ ಗಾಡಿ ನಿಂತರೆ ಆ ದಿನದ ಅನ್ನವೇ ನಿಂತ ಹಾಗೆ.

ಎಂಜಿನ್ ಸಣ್ಣದು. 796 ಸಿಸಿ, ಮೂರು ಸಿಲಿಂಡರ್, ಇರುವುದು ಮುಂದಿನ ಸೀಟುಗಳ ಅಡಿಯಲ್ಲಿ. ಸೀಟು ಎತ್ತಿದರೆ ಕೈಗೆ ಸಿಗುತ್ತದೆ. ಯಾವ ಪೆಟ್ರೋಲ್ ಎಂಜಿನ್ನಿಗೂ ಬೇಕಾದದ್ದು ನಾಲ್ಕೇ: ಸರಿಯಾದ ಸಮಯಕ್ಕೆ ಬಲವಾದ ಕಿಡಿ, ಹದವಾದ ಪೆಟ್ರೋಲ್, ಸೋರದ ಗಾಳಿ, ಸಿಲಿಂಡರಿನೊಳಗೆ ಒತ್ತಡ. ಯಾವುದು ತಪ್ಪಿದೆ ಎಂದು ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಮುಟ್ಟಬೇಕು. ಪ್ಲಗ್ಗನ್ನೂ ಕಾರ್ಬೊರೇಟರನ್ನೂ ಒಂದೇ ದಿನ ಬಿಚ್ಚಿದರೆ, ಗಾಡಿ ಸರಿಯಾದರೂ ಕೆಟ್ಟಿದ್ದು ಯಾವುದೆಂದು ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಅದೇ ತೊಂದರೆ ಬಂದಾಗ ಮತ್ತೆ ಮೊದಲಿನಿಂದ ಶುರು.

ಕೀ ತಿರುಗಿಸಿದಾಗ ಸೆಲ್ಫ್ ಹೇಗೆ ತಿರುಗುತ್ತದೆ ಎಂಬುದನ್ನು ಕಿವಿಗೊಟ್ಟು ಕೇಳಿ. ಎಳೆದೆಳೆದು ತಿರುಗಿದರೆ ಪೆಟ್ರೋಲಿನ ಕಡೆ ಹೋಗಲೇಬೇಡಿ. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಸೆಲ್ಫ್ ತಿರುಗುವಾಗ ಅದು 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಮೋಟಾರೇ ಹೆಚ್ಚು ಕರೆಂಟ್ ಎಳೆಯುತ್ತಿದೆ. ಬ್ಯಾಟರಿ ಹತ್ತರ ಮೇಲೆ ನಿಂತೂ ಸೆಲ್ಫ್ ನಿಧಾನವಾದರೆ ಅರ್ತ್ ನೋಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಇಟ್ಟು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಪಟ್ಟಿ ಹಾಳಾಗಿದೆ. ನಮ್ಮ ಉಪ್ಪು ಗಾಳಿಯಲ್ಲಿ ಅದರ ಬೋಲ್ಟಿನ ಅಡಿ ತುಕ್ಕು ಹಿಡಿಯದೆ ಇರುವುದೇ ಅಪರೂಪ. ಎಮರಿ ಪೇಪರಿನಲ್ಲಿ ತಿಕ್ಕಿ ಬಿಗಿ ಮಾಡಿದರೆ ಮುಗಿಯುವ ಕೆಲಸಕ್ಕೆ ಹೊಸ ಬ್ಯಾಟರಿ ಕೊಂಡವರು ಬೇಕಾದಷ್ಟಿದ್ದಾರೆ.

ಸೆಲ್ಫ್ ಚುರುಕಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ, ಅದೂ ಜೂನ್‌ನಲ್ಲಾದರೆ, ನನ್ನ ಕೈ ನೇರ ಹೋಗುವುದು ಡಿಸ್ಟ್ರಿಬ್ಯೂಟರ್ ಕ್ಯಾಪಿಗೆ. ಕ್ಲಿಪ್ ಬಿಡಿಸಿ, ಕ್ಯಾಪನ್ನು ಬೆಳಕಿಗೆ ಹಿಡಿದು ಒಳಮೈ ತಿರುಗಿಸಿ ತಿರುಗಿಸಿ ನೋಡಬೇಕು. ಬರಿ ಬೆವರಿದ ಹಾಗೆ ನೀರಿನ ಪಸೆ ಇದ್ದರೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು, ಗಾಡಿ ಎದ್ದೀತು. ಆದರೆ ಒಂದು ಟರ್ಮಿನಲ್ಲಿನಿಂದ ಇನ್ನೊಂದಕ್ಕೆ ಪೆನ್ಸಿಲಿನಲ್ಲಿ ಗೀಚಿದಂಥ ಕೂದಲೆಳೆಯ ಕಪ್ಪು ಗೆರೆ ಕಂಡರೆ ಆ ಕ್ಯಾಪ್ ಮುಗಿಯಿತು. ಪಸೆಯ ದಾರಿ ಹಿಡಿದು ಹಾರಿದ ಕಿಡಿ ಅಲ್ಲಿನ ಪ್ಲಾಸ್ಟಿಕ್ಕನ್ನೇ ಸುಟ್ಟು ಇಂಗಾಲ ಮಾಡಿರುತ್ತದೆ. ಇಂಗಾಲ ಕರೆಂಟ್ ಹರಿಸುತ್ತದೆ, ಒರೆಸಿದರೆ ಹೋಗುವುದಿಲ್ಲ. ಪ್ಲಗ್ಗಿಗೆ ಹೋಗಬೇಕಾದ ಕಿಡಿ ಪಕ್ಕದ ಮನೆಗೆ ಹೋಗುತ್ತದೆ. ಬಿಸಿಲಿನ ದಿನ ಹೇಗೋ ಓಡಿ ಮಳೆ ದಿನ ಕೈಕೊಡುವ ಗಾಡಿಗಳಲ್ಲಿ ಈ ಗೆರೆಯನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಪ್ಲಗ್ ವಯರುಗಳನ್ನು ಪರೀಕ್ಷಿಸಲು ಕತ್ತಲಾಗುವವರೆಗೆ ಕಾಯಿರಿ. ಸೀಟು ಎತ್ತಿ, ಲೈಟ್ ಆರಿಸಿ, ಎಂಜಿನ್ ಓಡುತ್ತಿರುವಾಗ ಸ್ಪ್ರೇ ಬಾಟಲಿಯಿಂದ ವಯರುಗಳ ಮೇಲೆ ಸ್ವಲ್ಪವೇ ನೀರಿನ ತುಂತುರು ಬಿಡಿ. ಸೀಳಿದ ವಯರಿನಿಂದ ನೀಲಿ ಕಿಡಿ ಎಂಜಿನ್ನಿಗೆ ಹಾರುವುದು ಕಣ್ಣಿಗೇ ಕಾಣುತ್ತದೆ. ಕೈ ಮಾತ್ರ ದೂರ ಇರಲಿ, ಅಲ್ಲಿರುವುದು ಸಾವಿರಾರು ವೋಲ್ಟ್.

ಸ್ಟಾರ್ಟ್ ಆಗಿ ಐಡ್ಲಿಂಗ್‌ನಲ್ಲಿ ಕುಣಿಯುವ, ಏರಿನಲ್ಲಿ ಎಳೆಯದ ಗಾಡಿಯ ಲೆಕ್ಕ ಬೇರೆ. ಇದನ್ನೇ ನಾವು ಮಿಸ್ಸಿಂಗ್ ಅನ್ನುತ್ತೇವೆ. ಮೂರರಲ್ಲಿ ಒಂದು ಸಿಲಿಂಡರ್ ಕೆಲಸ ಬಿಟ್ಟರೆ ಶಕ್ತಿಯ ಮೂರನೇ ಒಂದು ಪಾಲೇ ಹೋಯಿತು. ಹಾಗಾಗಿ ನಾಲ್ಕು ಸಿಲಿಂಡರಿನ ಕಾರಿಗಿಂತ ಓಮ್ನಿಯ ನಡುಕ ಜೋರು. ಯಾವ ಸಿಲಿಂಡರ್ ಎಂದು ತಿಳಿಯಲು ರಬ್ಬರ್ ಹಿಡಿಯ ಇಕ್ಕಳದಲ್ಲಿ ಪ್ಲಗ್ ವಯರನ್ನು ಒಂದೊಂದಾಗಿ ಕಳಚಿ, ಕಳಚಿದ ತುದಿಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿಡಿ. ಕಳಚಿದಾಗ ಎಂಜಿನ್ ಇನ್ನಷ್ಟು ನಡುಗಿದರೆ ಆ ಸಿಲಿಂಡರ್ ದುಡಿಯುತ್ತಿತ್ತು ಎಂದರ್ಥ. ಏನೂ ವ್ಯತ್ಯಾಸ ಆಗಲಿಲ್ಲವೋ, ಕಳ್ಳ ಅಲ್ಲೇ ಇದ್ದಾನೆ. ಆ ಪ್ಲಗ್ ಬಿಚ್ಚಿ ಬಣ್ಣ ನೋಡಿ. ತುದಿ ಕಂದಾಗಿದ್ದರೆ ಸರಿ. ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಅಥವಾ ಕಿಡಿ ಸಾಲದು, ಎಣ್ಣೆಯ ಜಿಡ್ಡಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್, ಬೆಳ್ಳಗಾಗಿದ್ದರೆ ಪೆಟ್ರೋಲ್ ಸಾಲದು. ಸೈಲೆನ್ಸರಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ವಯರ್ ಕಳಚಿ ಹೆಚ್ಚು ಹೊತ್ತು ಓಡಿಸಬಾರದು. ಸುಡದ ಪೆಟ್ರೋಲ್ ಅಲ್ಲಿ ಹೋಗಿ ಉರಿದು ಅದನ್ನೇ ಕೆಡಿಸುತ್ತದೆ.

ಪೆಟ್ರೋಲಿನ ಕಡೆಯ ತೊಂದರೆಗೆ ಯಾವಾಗ ಎಂಬ ಪ್ರಶ್ನೆಯೇ ಮುಕ್ಕಾಲು ಉತ್ತರ. ಬೆಳಿಗ್ಗೆ ಮಾತ್ರ ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕು, ಆಮೇಲೆ ದಿನವಿಡೀ ಸರಿ ಎಂದರೆ ಎರಡು ಕಡೆ ನೋಡಬೇಕು. ಒಂದು, ಚೋಕ್. ಗುಂಡಿ ಎಳೆದರೆ ಹೊರಗೆ ಬರುತ್ತದೆ, ಆದರೆ ಕೇಬಲ್ ತುಕ್ಕು ಹಿಡಿದು ಕಾರ್ಬೊರೇಟರಿನ ಬಾಯಿಯ ತಟ್ಟೆ ಮುಚ್ಚಿರುವುದೇ ಇಲ್ಲ. ಏರ್ ಫಿಲ್ಟರ್ ತೆಗೆದು ಕಣ್ಣಾರೆ ನೋಡಿ. ಎರಡು, ಪೆಟ್ರೋಲ್ ಪಂಪ್. ಕಾರ್ಬೊರೇಟರ್ ಮಾದರಿಯಲ್ಲಿ ಪಂಪ್ ಎಂಜಿನ್ ತಿರುಗಿದಾಗ ಮಾತ್ರ ಕೆಲಸ ಮಾಡುತ್ತದೆ. ಅದರ ವಾಲ್ವ್ ಸೋತರೆ ರಾತ್ರಿ ಪೈಪಿನ ಪೆಟ್ರೋಲ್ ಟ್ಯಾಂಕಿಗೆ ಹಿಂತಿರುಗಿ, ಬೆಳಿಗ್ಗೆ ಅದನ್ನು ಮತ್ತೆ ಎಳೆದು ತರಬೇಕಾಗುತ್ತದೆ.

ಮೂಡುಬಿದಿರೆಯಿಂದ ಬಂದು ಕೈಕಂಬದಲ್ಲಿ ಚಹಾ ಕುಡಿದು ಹೊರಡುವಾಗ ಹಿಡಿಯುವುದಿಲ್ಲ ಎನ್ನುವವರ ಗಾಡಿಯಲ್ಲಿ ಕಥೆ ತಿರುವು ಮುರುವು. ಸೀಟಿನಡಿ ಮುಚ್ಚಿದ ಜಾಗದಲ್ಲಿ ನಿಂತ ಎಂಜಿನ್ನಿನ ಬಿಸಿಗೆ ಕಾರ್ಬೊರೇಟರಿನ ಪೆಟ್ರೋಲ್ ಕುದಿದು ಒಳಗೆ ಸುರಿದಿರುತ್ತದೆ. ಆಗ ಚೋಕ್ ಎಳೆಯಬೇಡಿ, ಎಕ್ಸಲರೇಟರ್ ಪಂಪ್ ಮಾಡಬೇಡಿ. ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ, ಗಾಳಿ ನುಗ್ಗಿ ಹೆಚ್ಚಾದ ಪೆಟ್ರೋಲ್ ಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಆ ಕ್ಷಣದಲ್ಲೇ ಕಿಡಿ ಪರೀಕ್ಷಿಸಬೇಕು. ಬಿಸಿಯಾದಾಗ ಸಾಯುವ ಕಾಯಿಲ್ ತಣ್ಣಗಾದ ಮೇಲೆ ಏನೂ ಆಗದಂತೆ ಕೆಲಸ ಮಾಡುತ್ತದೆ. ಗ್ಯಾರೇಜಿಗೆ ತರುವಾಗ ಗಾಡಿ ಸರಿ ಇರುವುದು ಅದಕ್ಕೇ.

ಬಿಕರ್ನಕಟ್ಟೆ–ಸಾಣೂರು ಚತುಷ್ಪಥದ ಕಾಮಗಾರಿ ಶುರುವಾದ ಮೇಲೆ ರಾಷ್ಟ್ರೀಯ ಹೆದ್ದಾರಿ 169ರಲ್ಲಿ ಓಡುವ ಗಾಡಿಗಳ ಏರ್ ಫಿಲ್ಟರಿನಲ್ಲಿ ಕೆಂಪು ಮಣ್ಣು ತುಂಬಿ ಬರುವುದನ್ನೂ ಕಂಡೆ. ಗಾಳಿ ಕಡಿಮೆಯಾದರೆ ಪೆಟ್ರೋಲ್ ಹೆಚ್ಚಾದ ಹಾಗೆಯೇ, ಪ್ಲಗ್ ಮಸಿಯಾಗುತ್ತದೆ.

ಈಗಿನ ಪೆಟ್ರೋಲಿನ ವಿಷಯ ಹೇಳದಿದ್ದರೆ ಆಗದು. ಶೇ. 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು, ಈಗ ಬಹುತೇಕ ಎಲ್ಲ ಬಂಕುಗಳಲ್ಲೂ ಅದೇ. ಎಥೆನಾಲ್ ನೀರಿನ ಪಸೆಯನ್ನು ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಟ್ಯಾಂಕಿನ ತಳದ ಹಳೆ ಕೊಳೆಯನ್ನು ಎಬ್ಬಿಸಿ ಕಾರ್ಬೊರೇಟರಿನ ಜೆಟ್ಟಿಗೆ ತರುತ್ತದೆ. ಅದು ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಕಾರ್ಬೊರೇಟರಿಗೆ ಇದು ತಿಳಿಯುವುದಿಲ್ಲ, ಹಳೆ ಅಳತೆಯಲ್ಲೇ ಗಾಳಿ ಬಿಟ್ಟು ಮಿಶ್ರಣ ತೆಳುವಾಗುತ್ತದೆ. ವಾರಗಟ್ಟಲೆ ನಿಲ್ಲಿಸುವ ಓಮ್ನಿಗಳ ಮೇಲೆ ನನಗೆ ಹೆಚ್ಚು ಕನಿಕರ. ಪೈಪುಗಳನ್ನು ಎಥೆನಾಲ್ ತಡೆಯುವ ರಬ್ಬರಿಗೆ ಬದಲಿಸಿ, ಪೆಟ್ರೋಲ್ ಫಿಲ್ಟರನ್ನು ಬೇಗ ಬೇಗ ಹಾಕಿಸಿ. ಸೀಟಿನಡಿ ಪೆಟ್ರೋಲ್ ಸೋರಿದರೆ ಅದು ಬರಿ ಮಿಸ್ಸಿಂಗ್ ವಿಷಯವಲ್ಲ, ಕೂತವರ ಜೀವದ ವಿಷಯ.

ನಿಮ್ಮ ಕೈಯಲ್ಲೇ ಇರುವ ಎಮಿಷನ್ ಟೆಸ್ಟ್ ಚೀಟಿಯನ್ನೂ ಓದಿ. ಕಾರ್ಬನ್ ಮೊನಾಕ್ಸೈಡ್ ಹೆಚ್ಚಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಅದು ಕಡಿಮೆಯಿದ್ದು ಹೈಡ್ರೊಕಾರ್ಬನ್ ಮಾತ್ರ ಏರಿದ್ದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹೊರಬರುತ್ತಿದೆ. ಕಾರಣ ಕಿಡಿ ಇರಬಹುದು, ಕಾರ್ಬೊರೇಟರಿನ ಬುಡದ ಗ್ಯಾಸ್ಕೆಟ್ಟಿನಲ್ಲಿ ಹೊರಗಿನ ಗಾಳಿ ನುಗ್ಗುತ್ತಿರಬಹುದು. ಆ ಸಂದಿಗೆ ಪೆಟ್ರೋಲ್ ಚಿಮುಕಿಸಿ ನೋಡುವವರಿದ್ದಾರೆ, ದಯವಿಟ್ಟು ಬೇಡ. ನಾಲ್ಕು ಹನಿ ಎಂಜಿನ್ ಆಯಿಲ್ ಬಿಡಿ. ಅದು ಸಂದಿ ಮುಚ್ಚಿ ಎಂಜಿನ್ ಒಮ್ಮೆ ಸಮವಾದರೆ ಸೋರಿಕೆ ಅಲ್ಲೇ. ಗ್ಯಾಸ್ ಕಿಟ್ ಇರುವವರಿಗೆ ಇನ್ನೊಂದು ಅನುಕೂಲ ಉಂಟು. ಗ್ಯಾಸಿನಲ್ಲಿ ಚೆನ್ನಾಗಿ ಓಡಿ ಪೆಟ್ರೋಲಿನಲ್ಲಿ ಮಿಸ್ ಹೊಡೆದರೆ ಕಿಡಿಯೂ ಒತ್ತಡವೂ ಸರಿ ಇವೆ, ಕಾರ್ಬೊರೇಟರ್ ತೊಳೆಯಬೇಕು. ಪೆಟ್ರೋಲಿನಲ್ಲಿ ಸರಿಯಿದ್ದು ಗ್ಯಾಸಿನಲ್ಲಿ ಕೆಟ್ಟರೆ ಕಿಡಿಯನ್ನೂ ಅನುಮಾನಿಸಿ, ಗ್ಯಾಸ್ ಹೊತ್ತಿಸಲು ಹೆಚ್ಚು ವೋಲ್ಟೇಜ್ ಬೇಕು. ಇಂಜೆಕ್ಷನ್ ಬಂದ ನಂತರದ ಓಮ್ನಿಗಳಲ್ಲಿ ಚೋಕ್, ಜೆಟ್ ಇಲ್ಲ, ಸ್ಕ್ಯಾನರ್ ಹಾಕಿ ನೋಡಬಹುದು. ಆದರೆ ಸ್ಕ್ಯಾನರ್ ಸೆನ್ಸರಿನ ಹೆಸರು ಹೇಳಿದ ಕೂಡಲೇ ಸೆನ್ಸರ್ ಕೊಳ್ಳಬೇಡಿ, ಅದರ ವಯರು, ಕನೆಕ್ಟರು, ಅರ್ತ್ ಮೊದಲು.

ಎಲ್ಲ ನೋಡಿಯೂ ಒಂದು ಸಿಲಿಂಡರ್ ಸತ್ತೇ ಇದ್ದರೆ ಕಂಪ್ರೆಷನ್ ಗೇಜ್ ಹಾಕಬೇಕು. ಮೂರರ ಅಂಕಿಗಳೂ ಹತ್ತಿರ ಹತ್ತಿರ ಇರಬೇಕು. ಒಂದು ತೀರಾ ಕೆಳಗಿದ್ದರೆ ಆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಮುಳ್ಳು ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ಹೆಚ್ಚಾಗಿ ವಾಲ್ವ್. ಇಲ್ಲೇ ಗಾಬರಿಯಾಗಿ ಎಂಜಿನ್ ಬೋರಿಂಗಿಗೆ ಒಪ್ಪಿಕೊಳ್ಳುವುದು. ನಾನಾದರೆ ಮೊದಲು ಟ್ಯಾಪೆಟ್ ಗ್ಯಾಪ್ ಅಳೆಯುತ್ತೇನೆ. ಟ್ಯಾಪೆಟ್ ಟಕಟಕ ಎಂದರೆ ಜನ ಓಡಿ ಬರುತ್ತಾರೆ, ಸದ್ದು ನಿಂತರೆ ಸಂತೋಷಪಡುತ್ತಾರೆ. ಆದರೆ ವಾಲ್ವ್ ಕೂರುವ ಜಾಗ ಸವೆಯುತ್ತ ಹೋದಂತೆ ಗ್ಯಾಪ್ ಕಿರಿದಾಗಿ ಸದ್ದು ತಾನಾಗಿ ಅಡಗುತ್ತದೆ. ಕೊನೆಗೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಬಿಸಿ ಗ್ಯಾಸ್ ನುಗ್ಗಿ ಅದರ ಅಂಚು ಸುಡಲು ಶುರುವಾಗುತ್ತದೆ. ಕಳೆದ ಮಳೆಗಾಲದಲ್ಲಿ ಅಡುಗೆ ಕಾಂಟ್ರಾಕ್ಟಿನವರೊಬ್ಬರ ಓಮ್ನಿಯ ನಡುವಿನ ಸಿಲಿಂಡರ್ ಹೀಗೇ ಆಗಿತ್ತು. ಬೇರೆ ಕಡೆ ಫುಲ್ ಎಂಜಿನ್ ಕೆಲಸ ಎಂದು ಹೇಳಿದ್ದರಂತೆ. ಎಕ್ಸಾಸ್ಟ್ ವಾಲ್ವಿನ ಗ್ಯಾಪಿಗೆ ಫೀಲರ್ ಗೇಜಿನ ತೆಳು ಎಲೆಯೂ ಹೋಗಲಿಲ್ಲ. ಸ್ಕ್ರೂ ಸಡಿಲಿಸಿ ಅಳತೆಗೆ ಕೂರಿಸಿ ಗೇಜ್ ಹಾಕಿದೆ, ಮುಳ್ಳು ಉಳಿದೆರಡರ ಹತ್ತಿರಕ್ಕೆ ಬಂತು. ವಾಲ್ವ್ ಇನ್ನೂ ಸುಟ್ಟಿರಲಿಲ್ಲ. ಮುಳ್ಳು ಬಾರದಿದ್ದರೂ ಹೆಡ್ ಬಿಚ್ಚಿ ವಾಲ್ವ್ ಅರೆಸಿ ಕೂರಿಸಬೇಕಿತ್ತೇ ವಿನಾ, ಬ್ಲಾಕ್ ಮುಟ್ಟುವ ಅಗತ್ಯ ಇರಲಿಲ್ಲ.