ಹಳೇ ಫಿಲ್ಮ್ ಲೆನ್ಸನ್ನು ದೊಡ್ಡ ಸೆನ್ಸರಿನ ಕ್ಯಾಮೆರಾಕ್ಕೆ ಹಾಕಿದರೆ ‘ಝೂಮ್’ ಹೆಚ್ಚುತ್ತದೆಯೇ?

ಫೋಟೋಗ್ರಫಿ ಗುಂಪುಗಳಲ್ಲಿ ಇಂಥದ್ದೊಂದು ಫಾರ್ವರ್ಡ್ ನಿಮ್ಮ ಕಣ್ಣಿಗೂ ಬಿದ್ದಿರಬಹುದು: ‘ಮನೆಯಲ್ಲಿ ಹಳೇ 135 ಮಿ.ಮೀ. ಲೆನ್ಸ್ ಇದೆಯೇ? ಎಸೆಯಬೇಡಿ! ಅಡಾಪ್ಟರ್ ಹಾಕಿ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾಕ್ಕೆ ಜೋಡಿಸಿದರೆ ಝೂಮೂ ಹೆಚ್ಚು, ಬೆಳಕೂ ಹೆಚ್ಚು.’ ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ನಂಬಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಮದುವೆ ಫೋಟೋ ತೆಗೆಯುವ ಯಾರಾದರೂ ಸಾಲ ಮಾಡಿ ಕ್ಯಾಮೆರಾ ಕೊಂಡರೆ ಕಷ್ಟ. ಹಾಗಾಗಿ ಇದನ್ನು ಬಿಡಿಸಿ ನೋಡೋಣ.

ಮೊದಲು ಅಡಾಪ್ಟರ್ ವಿಷಯ. ಸಾದಾ ಅಡಾಪ್ಟರಿನಲ್ಲಿ ಗಾಜೇ ಇರುವುದಿಲ್ಲ. ಅದು ಲೋಹದ ಬಳೆ, ಅಷ್ಟೆ. ಹಳೇ ನಿಕಾನ್ ಲೆನ್ಸಿನ ಹಿಂಬದಿಯಿಂದ ಫಿಲ್ಮಿಗೆ 46.5 ಮಿ.ಮೀ. ದೂರ ಬೇಕು. ಫ್ಯೂಜಿಫಿಲ್ಮ್ ಕಂಪನಿಯ ಜಿಎಫ್‌ಎಕ್ಸ್ ಕ್ಯಾಮೆರಾದಲ್ಲಿ ಆ ದೂರ 26.7 ಮಿ.ಮೀ. ಮಾತ್ರ. ಉಳಿದ 19.8 ಮಿ.ಮೀ. ತುಂಬುವುದೇ ಈ ಬಳೆಯ ಕೆಲಸ. 135ರ ಲೆನ್ಸ್ 135 ಆಗಿಯೇ ಉಳಿಯುತ್ತದೆ. ಇದೇ ಲೆಕ್ಕದಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ: ಸೋನಿ ಮಿರರ್‌ಲೆಸ್ ಲೆನ್ಸುಗಳಿಗೆ ಬೇಕಾದ ದೂರ 18 ಮಿ.ಮೀ. ಮಾತ್ರ. ಅವನ್ನು ಬರೀ ಬಳೆ ಹಾಕಿ ಜಿಎಫ್‌ಎಕ್ಸ್‌ಗೆ ಜೋಡಿಸಿದರೆ ದೂರದ ವಸ್ತುಗಳ ಮೇಲೆ ಫೋಕಸ್ ಆಗುವುದೇ ಇಲ್ಲ.

ಬದಲಾಗುವುದು ಸೆನ್ಸರಿನ ಅಳತೆ. ಲೆನ್ಸ್ ಒಳಗೆ ಮೂಡಿಸುವ ಚಿತ್ರ ನೀರುದೋಸೆಯಂತೆ ಗುಂಡಗಿರುತ್ತದೆ. ಕ್ಯಾಮೆರಾ ಅದರಿಂದ ಒಂದು ಆಯತವನ್ನು ಕತ್ತರಿಸಿಕೊಳ್ಳುತ್ತದೆ. ಫಿಲ್ಮ್ ಕಾಲದ ಆಯತ 36×24 ಮಿ.ಮೀ., ಜಿಎಫ್‌ಎಕ್ಸ್‌ನದು 43.8×32.9 ಮಿ.ಮೀ., ಅಂದರೆ ವಿಸ್ತೀರ್ಣದಲ್ಲಿ ಸುಮಾರು 1.7 ಪಟ್ಟು. ದೊಡ್ಡ ಆಯತದಲ್ಲಿ ಅಕ್ಕಪಕ್ಕದ ದೃಶ್ಯವೂ ಸೇರುತ್ತದೆ. ಆದ್ದರಿಂದ 135ರ ಲೆನ್ಸ್ ಇಲ್ಲಿ ಫುಲ್‌ಫ್ರೇಮಿನ 107ರಂತೆ ಕಾಣುತ್ತದೆ. ಝೂಮ್ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ! ಫಾರ್ವರ್ಡ್ ಹೇಳಿದ್ದಕ್ಕೆ ತದ್ವಿರುದ್ಧ.

ಬೆಳ್ತಂಗಡಿ ತಾಲೂಕಿನ ವೇಣೂರಿಗೆ ಹೋಗಿ ನೋಡೋಣ. 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ ಅಲ್ಲಿನ ಗೊಮ್ಮಟನ ಎತ್ತರ 35 ಅಡಿ. ಪಾದದ ಹತ್ತಿರ ನಿಂತು ಮೊಬೈಲ್ ಎತ್ತಿ ಕ್ಲಿಕ್ಕಿಸಿದರೆ ಕಾಲು ದಪ್ಪ, ಮುಖ ಪುಟ್ಟದು. ಮೂರ್ತಿಯ ಅಳತೆಯೇ ತಪ್ಪಿದಂತೆ ಕಾಣುತ್ತದೆ. ಇದು ಲೆನ್ಸಿನ ತಪ್ಪಲ್ಲ, ನಾವು ನಿಂತ ಜಾಗದ್ದು. ದೂರ ಸರಿದಷ್ಟೂ ಕಾಲಿಗೂ ಮುಖಕ್ಕೂ ನಮ್ಮಿಂದ ಇರುವ ದೂರ ಸಮವಾಗುತ್ತಾ ಬರುತ್ತದೆ. ಆಗ ಮೂರ್ತಿಯ ಪ್ರಮಾಣ ಸರಿಯಾಗಿ ಕಾಣುತ್ತದೆ. ನಮ್ಮ ಲೆಕ್ಕದಲ್ಲಿ, 135ರ ಲೆನ್ಸ್ ಹಾಕಿ ಕ್ಯಾಮೆರಾವನ್ನು ಲಂಬವಾಗಿ ಹಿಡಿದರೆ ಇಡೀ ಗೊಮ್ಮಟ ಹಿಡಿಸಲು ಫುಲ್‌ಫ್ರೇಮಿನಲ್ಲಿ ಸುಮಾರು 40 ಮೀಟರ್ ಹಿಂದೆ ಹೋಗಬೇಕು. ಜಿಎಫ್‌ಎಕ್ಸ್‌ನಲ್ಲಿ 33 ಮೀಟರ್ ಸಾಕು. (ಅಷ್ಟು ದೂರ ಅಡ್ಡಿಯಿಲ್ಲದ ಜಾಗ ಸಿಗುವುದೇ ಎನ್ನುವುದು ಬೇರೆ ಮಾತು.) ಜಾಗ ಕಡಿಮೆ ಇದ್ದಲ್ಲಿ ಈ ಏಳು ಮೀಟರ್ ನಿಜಕ್ಕೂ ಉಪಯೋಗದ್ದು. ಆದರೆ ಹತ್ತಿರ ಬಂದ ಆ ಏಳು ಮೀಟರಿನಿಂದ ಮೂರ್ತಿಯ ಪ್ರಮಾಣವೂ ಸ್ವಲ್ಪ ಬದಲಾಗುತ್ತದೆ.

ಬೆಳಕಿನ ಮಾತೂ ಅರ್ಧ ಸತ್ಯ. ಎಫ್ 2.8 ಎಲ್ಲಿ ಹಾಕಿದರೂ ಎಫ್ 2.8, ಶಟರ್ ವೇಗವೂ ಅದೇ. ದೃಶ್ಯ ಅಷ್ಟೇ ಅಗಲ ಕಾಣುವಂತೆ ತೆಗೆದರೆ ಹಿನ್ನೆಲೆ ಮಾತ್ರ ಫುಲ್‌ಫ್ರೇಮಿನ ಎಫ್ 2.2ರಷ್ಟು ಮಸುಕಾಗುತ್ತದೆ. ವಧುವಿನ ಮುಖ ತೆಗೆಯುವವರಿಗೆ ಇಷ್ಟವಾಗುವುದು ಇದೇ. ಆದರೆ ಮೂರು ಮೀಟರ್ ದೂರದಲ್ಲಿ ಸ್ಪಷ್ಟವಾಗಿರುವ ಆಳ ಸುಮಾರು ಹತ್ತು ಸೆಂಟಿಮೀಟರ್. ಹಳೇ ಲೆನ್ಸಿಗೆ ಆಟೋಫೋಕಸ್ ಇಲ್ಲ, ಕೈಯಲ್ಲೇ ತಿರುಗಿಸಬೇಕು. ಕುಳಿತ ವ್ಯಕ್ತಿಯ ಫೋಟೋ, ಬಸದಿಯ ಕಂಬದ ಕೆತ್ತನೆ ಎಂದರೆ ಪರದೆಯಲ್ಲಿ ಹಿಗ್ಗಿಸಿ ನೋಡಿ ಆರಾಮವಾಗಿ ತೆಗೆಯಬಹುದು. ಕಂಬಳದ ಕೋಣಗಳ ಓಟಕ್ಕೋ, ಯಕ್ಷಗಾನದ ಧಿಗಿಣಕ್ಕೋ ಇದನ್ನು ನೆಚ್ಚಿಕೊಂಡರೆ, ಮಾರಾಯ್ರೆ, ಕಾರ್ಡ್ ತುಂಬಾ ಮಸುಕು ಚಿತ್ರಗಳೇ.

ಮೂಲೆ ಕಪ್ಪಾಗುತ್ತದೆ ಎನ್ನುವ ಭಯಕ್ಕೆ ಕಾರಣವಿದೆ. ಫಿಲ್ಮಿಗೆಂದು ಮಾಡಿದ ಲೆನ್ಸ್ 43.3 ಮಿ.ಮೀ. ವೃತ್ತ ಮೂಡಿಸಿದರೆ ಸಾಕಿತ್ತು. ಜಿಎಫ್‌ಎಕ್ಸ್‌ಗೆ ಸುಮಾರು 54.8 ಬೇಕು. 85ರಿಂದ 135ರವರೆಗಿನ ಅನೇಕ ಲೆನ್ಸುಗಳು ಬೇಕಾದ್ದಕ್ಕಿಂತ ದೊಡ್ಡ ವೃತ್ತ ಮೂಡಿಸುವುದರಿಂದಲೇ ಈ ಪ್ರಯೋಗ ನಡೆಯುತ್ತದೆ. ಎಲ್ಲವೂ ಹಾಗಲ್ಲ. ಪರೀಕ್ಷೆ ಸುಲಭ: ಮೋಡವಿಲ್ಲದ ಆಕಾಶಕ್ಕೆ ಗುರಿಯಿಟ್ಟು (ಸೂರ್ಯನತ್ತ ಬೇಡ) ಎಫ್ 2.8ರಲ್ಲಿ ಒಂದು, ಎಫ್ 11ರಲ್ಲಿ ಒಂದು ಫೋಟೋ ತೆಗೆಯಿರಿ. ಎಫ್ 11ರಲ್ಲೂ ಮೂಲೆಯಲ್ಲಿ ಗಟ್ಟಿ ಕಪ್ಪು ಗೆರೆ ಕಂಡರೆ ವೃತ್ತ ಸಾಲುತ್ತಿಲ್ಲ ಎಂದರ್ಥ. ಆಗ ಕ್ಯಾಮೆರಾದ 35 ಮಿ.ಮೀ. ಮೋಡ್ ಹಾಕಬಹುದು. ಆದರೆ ಹಾಗೆ ಮಾಡಿದರೆ ದೊಡ್ಡ ಸೆನ್ಸರಿಗೆ ಕೊಟ್ಟ ದುಡ್ಡು ವ್ಯರ್ಥ.

ಇದಕ್ಕಿಂತ ದೊಡ್ಡ ಶತ್ರು ನಮ್ಮೂರಿನ ಮಳೆಗಾಲ. ಕರಾವಳಿಯಲ್ಲಿ ಕಪಾಟಿನಲ್ಲಿಟ್ಟ ಹಳೇ ಲೆನ್ಸಿಗೆ ಫಂಗಸ್ ಹಿಡಿಯುವುದು ಮಾಮೂಲು. ಕೊಳ್ಳುವ ಮೊದಲು ಲೆನ್ಸಿನ ಡಯಾಫ್ರಾಮ್ ಪೂರ್ತಿ ತೆರೆದು, ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಬೇಡ ಎನ್ನಿ. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ಫಂಗಸ್ ಹೋಗುತ್ತದೆ ಎಂಬುದು ಇನ್ನೊಂದು ಫಾರ್ವರ್ಡ್. ಬೆಳೆದ ಫಂಗಸ್ ಅದರಿಂದ ಹೋಗುವುದಿಲ್ಲ, ಅಕ್ಕಿಯ ಹುಡಿ ಮಾತ್ರ ಸಂದಿಗಳಿಗೆ ಸೇರುತ್ತದೆ. ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ಒಳಗೊಂದು ಪುಟ್ಟ ತೇವಾಂಶ ಮಾಪಕ ಇಟ್ಟುಕೊಳ್ಳಿ. ಮಾಪಕ 40ರಿಂದ 50 ಶೇಕಡಾ ತೋರಿಸುತ್ತಿರಲಿ.